ಹನ್ನೊಂದು ದೋಷದ ಹಸಿರು ಕಾರು

ಬಸ್ಸಿನ ಮೆಟ್ಟಿಲು ಇಳಿಯುವ ಮೊದಲೇ ಜೊವಿಲಿನ್ ಕಾರನ್ನು ನೋಡಿಬಿಟ್ಟಿದ್ದಳು. ರಸ್ತೆಯಾಚೆ ಕೆಂಪು ಮರದ ಮನೆ, ಅದರ ಮುಂದೆ ಮಾರ್ಚಿ ತಿಂಗಳ ಹಿಮ ಅರ್ಧ ಕರಗಿ ಕೆಸರಾದ ಅಂಗಳ, ಅಂಗಳದ ನಟ್ಟನಡುವೆ ಅದು. ಜಾಹೀರಾತಿನ ಚಿತ್ರದಲ್ಲಿ ಕಂಡದ್ದಕ್ಕಿಂತ ಉದ್ದ, ಕಂಡದ್ದಕ್ಕಿಂತ ಹಸಿರು. ಹಿಂದಿನ ಗಾಜಿನ ಮೇಲೆ ಬಿಸಿಲು ಬಿದ್ದು ಮಿಣುಕುತ್ತಿತ್ತು. ಓಡಿಹೋಗಿ ಅಪ್ಪಿಕೊಂಡುಬಿಡಬೇಕು ಅನಿಸಿತು ಅವಳಿಗೆ.

"ಇದೆ ಕಣೋ, ಇದೆ! ಹಾಗೇ ಇದೆ!" ಎಂದಳು, ತುಟಿ ಹೆಚ್ಚು ಅಲುಗಿಸದೆ.

"ಹಲ್ಲು ಬಿಡಬೇಡ," ಎಂದಿತು ಬಲಗಿವಿಯ ಇಯರ್‌ಫೋನು. "ನೀನು ಹಲ್ಲು ಬಿಟ್ಟೆಯೋ, ಐನೂರು ಯೂರೋ ಹೋಯ್ತು ಅಂತ ತಿಳ್ಕೋ. ಮುಖ ಗಂಟು ಹಾಕ್ಕೋ. ಹಲ್ಲುನೋವು ಬಂದವಳ ಥರ."

ಆಚೆ ತುದಿಯಲ್ಲಿ, ಫಿಲಿಪ್ಪೀನ್ಸಿನ ಇಲೊಯಿಲೊ ಪಟ್ಟಣದಲ್ಲಿ, ರಾತ್ರಿಯ ಊಟ ಮುಗಿಸಿ ಫೋನು ಹಿಡಿದು ಕೂತಿದ್ದವನು ಅವಳ ಗಂಡ ರೊಮೆಲ್. ಹದಿನೈದು ವರ್ಷ ಜೀಪ್ನಿ ಎಂಬ ಬಾಡಿಗೆ ಗಾಡಿ ಓಡಿಸಿ, ಜನರನ್ನು ಹತ್ತಿಸಿ ಇಳಿಸಿ, ಗಾಡಿಯ ಕೆಳಗೇ ಅರ್ಧ ಆಯುಷ್ಯ ಕಳೆದವನು. ಹೆಂಡತಿ ಫಿನ್ಲೆಂಡಿನಲ್ಲಿ ಒಬ್ಬಳೇ ಹೋಗಿ ಕಾರು ಕೊಳ್ಳುತ್ತಾಳೆ ಎಂದಾಗ ಅವನಿಗೆ ಎರಡು ದಿನ ನಿದ್ದೆ ಬಂದಿರಲಿಲ್ಲ. ಕೊನೆಗೆ ಉಪಾಯವನ್ನೂ ಅವನೇ ಹುಡುಕಿದ್ದ. ಫೋನು ಅವಳ ಜಾಕೆಟ್ಟಿನ ಮೇಲುಜೇಬಿನಲ್ಲಿ, ಕ್ಯಾಮೆರಾ ಹೊರಗೆ ಇಣುಕುವ ಹಾಗೆ, ಇಯರ್‌ಫೋನು ಟೋಪಿಯೊಳಗೆ. ಕಣ್ಣು ಅವಳದು, ಕಿವಿ ಇವನದು.

ಐದು ವರ್ಷದಿಂದ ಜೊವಿಲಿನ್ ಇಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿದ್ದಳು. ಮಾತ್ರೆ ಕೊಡುವುದು, ಸ್ನಾನ ಮಾಡಿಸುವುದು, ಕಾಲಿಗೆ ಕಾಲುಚೀಲ ಏರಿಸುವುದು. ದಿನಕ್ಕೆ ಹನ್ನೆರಡು ಮನೆ, ಎಲ್ಲವೂ ಸೈಕಲ್ಲಿನಲ್ಲೇ, ಹಿಮ ಬಿದ್ದರೂ. ಅಂಥದ್ದರಲ್ಲಿ ಕೂಡಿಟ್ಟ ದುಡ್ಡು ಈ ಕಾರಿಗೆ. ಆದರೆ ಅವಸರ ಸೈಕಲ್ಲಿನಿಂದಾಗಿ ಬಂದದ್ದಲ್ಲ. ಈ ಶನಿವಾರ ರೊಮೆಲ್ ಮತ್ತು ಎಂಟು ವರ್ಷದ ಮಗಳು ಚೆಸ್ಕಾ ಬರುವವರಿದ್ದರು, ಶಾಶ್ವತವಾಗಿ. ಕಾಗದಪತ್ರಗಳ ನಾಲ್ಕು ವರ್ಷದ ಕಾಯುವಿಕೆ ಮುಗಿದಿತ್ತು. ವಿಮಾನ ಔಲು ನಗರಕ್ಕೆ ಸಂಜೆ ಆರಕ್ಕೆ ಇಳಿಯುತ್ತದೆ. ಅಲ್ಲಿಂದ ಇವಳ ಊರಿಗೆ ಎರಡೂವರೆ ಗಂಟೆಯ ದಾರಿ, ಶನಿವಾರದ ಕೊನೆಯ ಬಸ್ಸು ನಾಲ್ಕೂವರೆಗೇ ಹೊರಟುಹೋಗಿರುತ್ತದೆ. ಅದೂ ಹೋಗಲಿ, ಮಗಳಿಗೆ ಮಾತು ಕೊಟ್ಟಾಗಿತ್ತು: ವಿಮಾನದಿಂದ ಇಳಿದರೆ ಅಮ್ಮನ ಕಾರು, ಅಮ್ಮನೇ ಡ್ರೈವರ್. ಬಿಟ್ಟು ಬರುವಾಗ ಮೂರು ವರ್ಷದ್ದಾಗಿದ್ದ ಕೂಸು ಫೋನಿನ ಪರದೆಯಲ್ಲೇ ಬೆಳೆದು, ಈಗ ಕಾರಿನ ಚಿತ್ರ ಬರೆದು ಇಡೀ ಕ್ಲಾಸಿಗೆ ತೋರಿಸಿಬಿಟ್ಟಿತ್ತು. ಜಾಹೀರಾತಿನಲ್ಲಿ ಕಂಡ ಹಸಿರೇ. ಹಿಂದಿನ ಕಿಟಕಿಯಲ್ಲಿ ಒಂದು ನಾಯಿ ಕೂಡ.

ನಾಯಿ ಎಲ್ಲಿಂದ ಬಂತೆಂದರೆ, ಜಾಹೀರಾತಿನಿಂದಲೇ. ಮಾರುವಾತ ತನ್ನ ಕಾರಿನ ಹನ್ನೊಂದು ದೋಷಗಳನ್ನು ಸಾಲಾಗಿ ಬರೆಸಿದ್ದ. ಹಿಂದಿನ ಬಲಬಾಗಿಲು ಚಳಿಗೆ ಎರಡು ಸಲ ಎಳೆದರೆ ತೆರೆಯುತ್ತದೆ. ರೇಡಿಯೋ ಒಂದೇ ಸ್ಟೇಷನ್ ಹಿಡಿಯುತ್ತದೆ. ಹಿಂದಿನ ಸೀಟಿನಲ್ಲಿ ನಾಯಿಯ ವಾಸನೆ ಇದೆ, ಹೋಗುವುದಿಲ್ಲ. ಹೀಗೆ ಹನ್ನೊಂದು. ಕೆಳಗೆ: ಬೆಲೆ 2400 ಯೂರೋ.

ಅದನ್ನು ಓದಿಸಿಕೊಂಡ ರೊಮೆಲ್‌ಗೆ ಮೈ ಬೆವತಿತ್ತು. "ಹುಚ್ಚಾ ಅವನಿಗೆ? ತನ್ನ ಗಾಡಿನ ತಾನೇ ಬೈತಾನಾ ಯಾರಾದ್ರೂ? ಹನ್ನೊಂದು ಬಾಯಿಬಿಟ್ಟು ಹೇಳಿದಾನೆ ಅಂದ್ರೆ ಹನ್ನೆರಡನೇದು ಒಂದಿದೆ. ಅದು ದೊಡ್ಡದು."

ಈಗ ಮನೆಯ ಬಾಗಿಲು ತೆರೆದು ಒಬ್ಬ ಎತ್ತರದ ಮುದುಕ ಹೊರಬಂದ. ಮೆಟ್ಟಿಲ ಕಂಬ ಹಿಡಿದು ಇಳಿದು, ಕೈ ಮುಂದೆ ಚಾಚಿದ.

"ತೌನೊ."

"ಜೊವಿಲಿನ್."

ಪರಿಚಯ ಮುಗಿಯಿತು. ಹಿರಿಯನಾದರೂ ಇಲ್ಲಿ ಹೆಸರು ಹಿಡಿದೇ ಕರೆಯಬೇಕು. ಐದು ವರ್ಷವಾದರೂ ಅವಳ ನಾಲಗೆ ಅದಕ್ಕೆ ಪೂರ್ತಿ ಒಗ್ಗಿರಲಿಲ್ಲ. ತೌನೊ ಕಾರಿನ ಮೇಲೆ ಅಂಗೈ ಇಟ್ಟು, ದನದ ಮೈ ಸವರುವ ಹಾಗೆ ಸವರುತ್ತಾ ಒಂದು ಸುತ್ತು ಬಂದ. "ಇಲ್ಲಿ ಗೀಚು. ಇಲ್ಲಿ ಬಣ್ಣ ಎದ್ದಿದೆ. ಈ ಬಾಗಿಲು ಎರಡು ಸಲ ಎಳೀಬೇಕು. ಎಂಜಿನ್ನು ಚಳಿಗೆ ಹೆಪ್ಪುಗಟ್ಟದ ಹಾಗೆ ರಾತ್ರಿ ಕರೆಂಟಲ್ಲಿ ಬಿಸಿ ಮಾಡೋ ವೈರು ಹೊಸದು, ಅದು ದೋಷ ಅಲ್ಲ." ಹನ್ನೊಂದನ್ನೂ ಒಂದು ಬಿಡದೆ ಹೇಳಿದ. 

"ಏನಂತೆ?" ಎಂದ ಕಿವಿಯೊಳಗಿನ ರೊಮೆಲ್.

"ಜಾಹೀರಾತಲ್ಲಿ ಇದ್ದಿದ್ದೇ," ಎಂದಳು ಕೆಮ್ಮಿನ ನಡುವೆ, ತಮ್ಮ ಭಾಷೆಯಲ್ಲಿ.

"ಸ್ಟಾರ್ಟ್ ಮಾಡಿಸು. ನನ್ನನ್ನ ಬಾನೆಟ್ ಹತ್ರ ತಗೊಂಡು ಹೋಗು."

ತೌನೊ ಕೀಲಿ ಕೊಟ್ಟ. ಅವಳು ತಿರುಗಿಸಿದ್ದೇ ತಡ, ಎಂಜಿನ್ನು ಒಂದೇ ಉಸಿರಿಗೆ ಎದ್ದು ಕೂತಿತು. ಕೆಳಗಿಳಿದು, ಏನೋ ನೋಡುವವಳ ಹಾಗೆ ಎದೆಯನ್ನು ಬಾನೆಟ್ಟಿಗೆ ಒತ್ತಿ ನಿಂತಳು. ಇಲೊಯಿಲೊದಲ್ಲಿ ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಜೋವಿ," ಎಂದ ರೊಮೆಲ್, ದನಿಯೇ ಬೇರೆಯಾಗಿತ್ತು. "ಇದು ಹಾಡ್ತಾ ಇದೆ ಕಣೇ. ಇಂಥಾ ಎಂಜಿನ್ ನನ್ನ ಕೈಗೆ ಒಂದು ಸಲಾನೂ ಸಿಗಲಿಲ್ಲ. ತಗೋ. ಬಿಡಬೇಡ, ತಗೋ!" ಮರುಕ್ಷಣ ಎಚ್ಚೆತ್ತುಕೊಂಡ. "ಆದ್ರೆ ಕೆಮ್ಮುತ್ತೆ ಅಂತ ಹೇಳು. ಪೂರ್ತಿ ದುಡ್ಡು ಕೊಟ್ಟೆ ಅಂದ್ರೆ ಜೀಪ್ನಿ ಸ್ಟ್ಯಾಂಡಲ್ಲಿ ನಾನು ಮುಖ ತೋರ್ಸೋ ಹಾಗಿಲ್ಲ."

ಚೌಕಾಸಿ ಎಂದರೆ ಜೊವಿಲಿನಳಿಗೆ ಹೊಸದಲ್ಲ. ಅಮ್ಮನ ಕೈ ಹಿಡಿದು ಮೀನು ಮಾರುಕಟ್ಟೆಯಲ್ಲಿ ಕಲಿತ ವಿದ್ಯೆ. ಮೊದಲು ಮಾಲನ್ನು ಹಳಿಯಬೇಕು, ಕಣ್ಣು ಸತ್ತಿದೆ, ಕಿವಿರು ಬಿಳಿಚಿದೆ ಎನ್ನಬೇಕು. ಮಾರುವವಳು ಎದೆ ಬಡಿದುಕೊಂಡು ಮಕ್ಕಳ ಮೇಲೆ ಆಣೆ ಹಾಕಬೇಕು. ಇವಳು ಅರ್ಧ ಬೆಲೆ ಕೇಳಿ ಹೊರಟಂತೆ ಮಾಡಬೇಕು. ಅವಳು ಹಿಂದಿನಿಂದ "ಅಕ್ಕಾ, ಬಾ ಇಲ್ಲಿ" ಎನ್ನಬೇಕು. ಇಬ್ಬರಿಗೂ ಗೊತ್ತಿರುವ ಕುಣಿತ ಅದು, ಯಾರಿಗೂ ನೋವಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿರುವುದರಿಂದ ಐದು ವರ್ಷದಿಂದ ಆ ನಾಲಗೆ ತುಕ್ಕು ಹಿಡಿದು ಕೂತಿತ್ತು. ಇವತ್ತು ಸಿಕ್ಕಿತು ಅವಕಾಶ. ಅವಳಿಗೆ ಹುರುಪು ಬಂತು.

"ಎಂಜಿನ್ ಕೆಮ್ಮುತ್ತೆ," ಎಂದಳು.

ತೌನೊ ತಲೆ ಓರೆ ಮಾಡಿದ. "ಕೆಮ್ಮುತ್ತಾ?"

"ಕೆಮ್ಮುತ್ತೆ. ನೀವು ದಿನಾ ಕೇಳಿ ಅಭ್ಯಾಸ ಆಗಿದೆ, ಅದಕ್ಕೆ ಗೊತ್ತಾಗಲ್ಲ." ಬಗ್ಗಿ ಕಾರಿನ ಕೆಳಗೆ ನೋಡಿದಳು. ಕಂಡದ್ದು ಕೆಸರು ಮಾತ್ರ. "ಅಯ್ಯಯ್ಯೋ! ತಳ ಎಲ್ಲಾ ತುಕ್ಕು ತಿಂದು ಹೋಗಿದೆಯಲ್ಲಾ!"

"ಎಲ್ಲಿ?"

"ಎಡಗಡೆ. ಬಲಗಡೆನೂ. ಕೈ ಹಾಕಿದ್ರೆ ಈಚೆ ಬರುತ್ತೆ. ಟೈರ್ ನೋಡಿ, ಹಿಮದಲ್ಲಿ ಜಾರದ ಹಾಗೆ ಹಾಕೋ ಮೊಳೆ ಒಂದೂ ಉಳಿದಿಲ್ಲ. ಇದರಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋದು ಹೇಗೆ? ಸಾವಿರದ ಇನ್ನೂರು ಕೊಟ್ರೂ ಜಾಸ್ತಿನೇ."

"ಭೇಷ್!" ಎಂದ ರೊಮೆಲ್, ದನಿಯ ಏರಿಳಿತ ಕೇಳಿಯೇ.

ಜೊವಿಲಿನ್ ಕಾದಳು. ಇನ್ನು ತೌನೊನ ಸರದಿ.  ಸೂರಿನಿಂದ ಹಿಮದ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವನು ಕಾರಿನ ಮೇಲಿಟ್ಟಿದ್ದ ಕೈಯನ್ನು ನಿಧಾನಕ್ಕೆ ತೆಗೆದ.

"ಹಾಗಾದ್ರೆ ಮಾರಕ್ಕಾಗಲ್ಲ," ಎಂದ.

"ಎಷ್ಟಕ್ಕಾದ್ರೆ ಮಾರ್ತೀರಾ?"

"ಎಷ್ಟಕ್ಕೂ ಆಗಲ್ಲ. ತಳ ಹೋಗಿರೋ ಗಾಡಿ." ಕೈ ಒರೆಸಿಕೊಂಡು ಹೇಳಿದ, "ನೋಡಿ ಹೇಳಿದ್ದು ಒಳ್ಳೇದಾಯ್ತು. ಥ್ಯಾಂಕ್ಸ್."

ಮತ್ತೆ ಕೈ ಚಾಚಿದ. ಅವಳು ಏನೂ ತೋಚದೆ ಕುಲುಕಿದಳು.

"ನಾಟಕ!" ಎಂದ ರೊಮೆಲ್, ಅವಳು ಪಿಸುಗುಟ್ಟಿದ್ದನ್ನು ಕೇಳಿ. "ಪಕ್ಕಾ ವ್ಯಾಪಾರಸ್ಥ ಇವನು. ಹೊರಡು. ತಿರುಗಿ ನೋಡಬೇಡ. ಗೇಟ್ ದಾಟೋದ್ರೊಳಗೆ ಕೂಗಿಲ್ಲಾಂದ್ರೆ ನನ್ನ ಹೆಸರು ಬದಲಾಯಿಸು."

"ಗೇಟೇ ಇಲ್ಲ ಕಣೋ ಇಲ್ಲಿ."

"ಗೇಟ್ ಇರಬೇಕಾಗಿದ್ದ ಜಾಗ ದಾಟು!"

ಹೊರಟಳು. ಮದುವೆ ಹೆಣ್ಣಿಗಿಂತ ನಿಧಾನಕ್ಕೆ ಹೆಜ್ಜೆ ಹಾಕಿದಳು. ಇಲ್ಲದ ಗೇಟನ್ನು ದಾಟಿದಳು. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಯಾರೂ ಕೂಗಲಿಲ್ಲ. ರಸ್ತೆ ದಾಟಿ ಬಸ್ಸಿನ ಕಂಬದ ಹತ್ತಿರ ನಿಂತು ತಾಳಲಾರದೆ ತಿರುಗಿದರೆ, ತೌನೊ ಬಾಗಿಲಲ್ಲಿ ನಿಂತು ಈ ಕಡೆಗೆ ಮರ್ಯಾದೆಯಾಗಿ ಕೈ ಬೀಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡ.

"ಕೂಗಿದನಾ?"

"ಬಾಗಿಲು ಹಾಕ್ಕೊಂಡ."

"ಹತ್ತು ನಿಮಿಷ ನೋಡು."

ಮುಂದಿನ ಬಸ್ಸು ಐದು ಹತ್ತಕ್ಕೆ. ಈಗ ಮೂರೂ ಇಪ್ಪತ್ತು. ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು. ಬೆರಳುಗಳು ಮರಗಟ್ಟತೊಡಗಿದವು. ಹಸಿರು ಕಾರು ಅಲ್ಲೇ, ಕಣ್ಣೆದುರೇ, ಕೈಗೆಟುಕುವಷ್ಟು ಹತ್ತಿರ ಬಿಸಿಲು ಕಾಯುತ್ತಿತ್ತು. ಇವತ್ತು ಗುರುವಾರ. ನಾಳೆ ಅವಳಿಗೆ ಬೆಳಗಿನಿಂದ ಸಂಜೆಯವರೆಗೆ ಕೆಲಸ. ಬೇರೆ ಕಾರು ನೋಡುವುದಕ್ಕೆ ಇರುವುದು ಯಾವ ಹೊತ್ತು? ಶನಿವಾರ ವಿಮಾನ ನಿಲ್ದಾಣದಲ್ಲಿ ಮಗಳ ಕೈ ಹಿಡಿದು, ಮರುದಿನ ಬೆಳಗಿನ ಬಸ್ಸಿಗೆ ಬೆಂಚಿನ ಮೇಲೆ ಕಾಯುವುದನ್ನು ನೆನೆದು ಅವಳು ಮತ್ತೆ ಕಾರಿನ ಕಡೆಗೆ ತಿರುಗಿ ನಿಂತಳು.

ಆಗ ಬಾಗಿಲು ತೆರೆಯಿತು. ತೌನೊ ಹೊರಬಂದ, ರಸ್ತೆಯ ಕಡೆಗೇ ಬಂದ.

"ಬಂದ! ಬರ್ತಾ ಇದಾನೆ!" ಎಂದು ಕಿರುಚುವುದೊಂದು ಬಾಕಿ.

"ನಾನು ಹೇಳಲಿಲ್ವಾ! ಸಾವಿರದ ಮುನ್ನೂರಕ್ಕೆ ನಿಲ್ಲು. ಮೇಲೆ ಹೋಗಬೇಡ!"

ತೌನೊ ರಸ್ತೆಯ ಅಂಚಿನಲ್ಲಿ ನಿಂತು, ಕಿವಿಗೊಟ್ಟು, ದಾಟಿ ಬಂದ. ಕೈಯಲ್ಲಿ ಒಂದು ಫ್ಲಾಸ್ಕು, ಒಂದು ಲೋಟ, ಕಾಗದದಲ್ಲಿ ಸುತ್ತಿದ ಏಲಕ್ಕಿ ಬನ್ನು.

"ಬಸ್ಸು ಐದು ಹತ್ತಕ್ಕೆ," ಎಂದ. "ಚಳಿ ಇದೆ."

ಅಷ್ಟೇ. ಬೆಲೆಯ ಮಾತಿಲ್ಲ. ಕಂಬವನ್ನು ತಡವಿ ಅದಕ್ಕೆ ಭುಜ ಆನಿಸಿ ಲೋಟಕ್ಕೆ ಕಾಫಿ ಬಗ್ಗಿಸಿದ. ಬಗ್ಗಿಸುವಾಗ ತೋರುಬೆರಳನ್ನು ಲೋಟದ ಅಂಚಿನೊಳಗೆ ಇಳಿಬಿಟ್ಟಿದ್ದ. ಬಿಸಿ ಬೆರಳಿಗೆ ತಾಗಿದಾಗ ಸುರಿಯುವುದನ್ನು ನಿಲ್ಲಿಸಿದ.

ಜೊವಿಲಿನಳ ಕೈ ಲೋಟ ಹಿಡಿಯದೆ ಗಾಳಿಯಲ್ಲೇ ನಿಂತಿತು. ಆ ಬೆರಳನ್ನು ಅವಳು ದಿನಾ ನೋಡುತ್ತಾಳೆ. ಅವಳು ಹೋಗುವ ಹನ್ನೆರಡು ಮನೆಗಳಲ್ಲಿ ಮೂರು ಮನೆಯಲ್ಲಿ ಆ ಬೆರಳಿದೆ. ಕಂಬ ಹಿಡಿದು ಇಳಿದದ್ದು, ಕಾರನ್ನು ಸವರುತ್ತಾ ಸುತ್ತಿದ್ದು, ರಸ್ತೆಗೆ ಕಿವಿಗೊಟ್ಟದ್ದು, ಎಲ್ಲವೂ ಕಣ್ಣೆದುರೇ ನಡೆದಿದ್ದವು. ಹಸಿರು ಬಣ್ಣದ ಸಂಭ್ರಮದಲ್ಲಿ ಅವಳು ಏನನ್ನೂ ನೋಡಿರಲಿಲ್ಲ.

"ತೌನೊ, ನಿಮಗೆ ಎಷ್ಟು ಕಾಣುತ್ತೆ?"

"ಸುತ್ತ ಕಾಣುತ್ತೆ. ನಡುವೆ ಇಲ್ಲ," ಎಂದ, ಹವಾಮಾನ ಹೇಳುವವನ ಹಾಗೆ. "ಎರಡು ಚಳಿಗಾಲ ಆಯ್ತು. ಲೈಸೆನ್ಸ್ ವಾಪಸ್ ಕೊಟ್ಟೆ. ದೋಷದ ಪಟ್ಟಿ ಹಳೇದು, ನಾನು ನೋಡ್ತಿದ್ದಾಗಿಂದು. ತಳ ನೋಡಕ್ಕಾಗಿರಲಿಲ್ಲ. ನೀನು ನೋಡಿದೆ. ಇಲ್ಲಾಂದ್ರೆ ಯಾರೋ ಪಾಪದವರ ಕೈಗೆ ಹೋಗ್ತಿತ್ತು. ಪಿರ್ಯೊಗೆ ಫೋನ್ ಮಾಡಿದೀನಿ, ಗುಜರಿಯವಳಿಗೆ. ನಾಲ್ಕೂವರೆಗೆ ಲಾರಿ ತಂದು ಎತ್ಕೊಂಡು ಹೋಗ್ತಾಳೆ."

"ಗುಜರಿಗಾ!"

"ಏನಾಯ್ತು? ಎಷ್ಟಕ್ಕೆ ಬಂದ?" ಎಂದು ರೊಮೆಲ್ ಕಿವಿಯಲ್ಲಿ ಕುಣಿಯುತ್ತಿದ್ದ. ಅವಳು ಟೋಪಿಯೊಳಗೆ ಕೈ ಹಾಕಿ ಇಯರ್‌ಫೋನನ್ನು ಕಿತ್ತಳು.

ಫಿನ್ನಿಶ್ ಭಾಷೆಯಲ್ಲಿ ತಪ್ಪೊಪ್ಪಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಗೊತ್ತಿದ್ದ ಮಾತುಗಳನ್ನೇ ಒಂದರ ಹಿಂದೊಂದು ಎಸೆದಳು.

"ಸುಳ್ಳು ಹೇಳಿದೆ. ತುಕ್ಕು ನಾನು ನೋಡಿಲ್ಲ, ಕೆಸರು ನೋಡಿದ್ದು. ಎಂಜಿನ್ ಕೆಮ್ಮಲ್ಲ, ಹಾಡುತ್ತೆ. ಟೈರಿನ ಮೊಳೆ ಎಲ್ಲಾ ಇದಾವೆ. ನಮ್ಮೂರಲ್ಲಿ ಕೊಳ್ಳೋರು ಹೀಗೇ ಮಾತಾಡೋದು. ವಸ್ತು ಇಷ್ಟ ಆದಷ್ಟೂ ಜಾಸ್ತಿ ಬೈತೀವಿ. ಯಾರೂ ನಂಬಲ್ಲ."

ತೌನೊ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿದ.

"ಯಾರೂ ನಂಬಲ್ಲಾಂದ್ರೆ ಹೇಳೋದು ಯಾಕೆ?"

 ಮೀನು ಮಾರುಕಟ್ಟೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ಈಗ ಹೇಳ್ತಿರೋದು ಯಾವುದು?" ಎಂದ ತೌನೊ. "ಇದೂ ನಿಮ್ಮೂರಿನ ಮಾತಾ?"

"ಇದು ನಿಜ. ಶನಿವಾರ ನನ್ನ ಮಗಳು ಬರ್ತಾಳೆ. ಐದು ವರ್ಷ ಆಯ್ತು ನಾನು ಅವಳನ್ನ ಎತ್ಕೊಂಡು. ಕಾರಲ್ಲೇ ಕರ್ಕೊಂಡು ಬರ್ತೀನಿ ಅಂದಿದೀನಿ. ಈ ಕಾರಲ್ಲೇ. ಚಿತ್ರಾನೂ ಬರೆದಾಗಿದೆ. ಒಳ್ಳೆ ಕಾರು ತೌನೊ. ನನಗೆ ಬೇಕು."

"ಬಂದ ತಕ್ಷಣ ಇದನ್ನ ಹೇಳಬಾರದಿತ್ತಾ," ಎಂದ ಅವನು. ಕೋಪವಿರಲಿಲ್ಲ ದನಿಯಲ್ಲಿ, ವಿಸ್ಮಯವಿತ್ತು. "ಆದ್ರೆ ಈಗ ನನಗೆ ಗೊತ್ತಿಲ್ಲ. ಒಂದು ಸಲ ತುಕ್ಕು ಅಂದೆ, ಒಂದು ಸಲ ಇಲ್ಲ ಅಂದೆ. ನನ್ನ ಕಣ್ಣಿಗೆ ಕಾಣಲ್ಲ, ನಿನ್ನ ಕಣ್ಣನ್ನ ನಂಬೋ ಹಾಗಿಲ್ಲ. ಮಗು ಕೂರೋ ಗಾಡಿ. ಪಿರ್ಯೊ ನೋಡಲಿ."

ಪಿರ್ಯೊ ನಾಲ್ಕೂವರೆಗೆ ಐದು ನಿಮಿಷ ಮೊದಲೇ ಬಂದಳು. ಲಾರಿಯಿಂದ ಧುಮುಕಿದ ಅರವತ್ತರ ಹೆಂಗಸು, ಮೈಯೆಲ್ಲಾ ಗ್ರೀಸು, ಬಾಯಿಯಲ್ಲಿ ಅಗಿಯುವ ಏನೋ. ಕೊಕ್ಕೆಯ ಸರಪಳಿ ಎಳೆದು ಕಾರಿನ ಮುಂಭಾಗಕ್ಕೆ ಬಂದವಳನ್ನು ಜೊವಿಲಿನ್ ಎರಡೂ ಕೈ ಅಗಲಿಸಿ ತಡೆದಳು. ಕಾರು ಬೆನ್ನಿಗೆ, ಸರಪಳಿ ಎದುರಿಗೆ.

"ಇದ್ಯಾವ ಕಾವಲುಗಾರ್ತಿ?" ಎಂದಳು ಪಿರ್ಯೊ.

"ಮೊದಲು ತಳ ನೋಡು," ಎಂದ ತೌನೊ.

ಪಿರ್ಯೊ ಗೊಣಗುತ್ತಾ ರಟ್ಟು ಹಾಸಿ, ಟಾರ್ಚು ಮತ್ತು ಸುತ್ತಿಗೆ ಹಿಡಿದು ಕಾರಿನ ಕೆಳಗೆ ಜಾರಿದಳು. ಬೂಟು ಮಾತ್ರ ಹೊರಗೆ ಕಾಣುತ್ತಿದ್ದವು. ಟಣ್ ಎಂದಿತು. ಇನ್ನೊಂದು ಕಡೆ ಟಣ್. ಪ್ರತಿ ಏಟಿಗೂ ಜೊವಿಲಿನ್ ಉಸಿರು ಹಿಡಿದಳು. ತೌನೊ ಕಣ್ಣು ಮುಚ್ಚಿ ಕೇಳುತ್ತಿದ್ದ. ಎಡಗಡೆ ನಾಲ್ಕು, ಬಲಗಡೆ ನಾಲ್ಕು, ಹಿಂದೆ ಎರಡು. ಎಲ್ಲಾ ಟಣ್. ಎಲ್ಲೂ ಸದ್ದು ಮೆತ್ತಗಾಗಲಿಲ್ಲ. ಎಂಟನೆಯದಕ್ಕೇ ತೌನೊನ ಮುಖ ಅರಳಿತ್ತು.

ಪಿರ್ಯೊ ಹೊರಬಂದು ಎದ್ದು ಕೂತಳು. "ಯಾರು ಹೇಳಿದ್ದು ನಿಂಗೆ ತಳ ಹೋಗಿದೆ ಅಂತ?"

 ಜೊವಿಲಿನ್ ಕೈ ಎತ್ತಿದಳು, ಶಾಲೆಯ ಮಕ್ಕಳ ಹಾಗೆ.

"ನೀನೂ ಕಣ್ಣು ಡಾಕ್ಟ್ರಿಗೆ ತೋರಿಸ್ಕೋ ತಾಯಿ. ಇವನ ಜೊತೆಗೇ ಹೋಗಿ ಬಾ, ಒಂದೇ ಖರ್ಚು. ಇಂಥಾ ತಳ ನನ್ನ ಲಾರಿಗೆ ಇದ್ದಿದ್ರೆ ಕುಣೀತಿದ್ದೆ." ಸುತ್ತಿಗೆಯಿಂದ ಹಿಂಭಾಗ ತೋರಿಸಿದಳು. "ಸೈಲೆನ್ಸರನ್ನ ಎತ್ತಿ ಹಿಡಿಯೋ ಒಂದು ಹಿಡಿ ಮಾತ್ರ ಮುರಿದಿದೆ. ನಲವತ್ತು ಯೂರೋ ಕೆಲಸ. ಈಗ್ಲೇ ಮಾಡಿಕೊಡ್ತೀನಿ, ಬಂದಿದ್ದಕ್ಕೆ."

ಜೊವಿಲಿನ್ ಕೂಗಿದ ಕೂಗಿಗೆ ಸೂರಿನ ಮೇಲಿದ್ದ ಕಾಗೆ ಹಾರಿಹೋಯಿತು. ಪಿರ್ಯೊಳನ್ನು ಗ್ರೀಸಿನ ಸಮೇತ ಅಪ್ಪಿಕೊಂಡಳು. ಪಿರ್ಯೊ ಹಾಗೆ ಅಪ್ಪಿಸಿಕೊಂಡು ಎಷ್ಟು ವರ್ಷವಾಗಿತ್ತೋ, ಕೈ ಎಲ್ಲಿಡಬೇಕೆಂದು ತಿಳಿಯದೆ ಸುತ್ತಿಗೆಯನ್ನು ಮೇಲೆತ್ತಿ ನಿಂತಳು.

ಅಷ್ಟರಲ್ಲಿ ಜೇಬಿನಿಂದ ಸಣ್ಣ ದನಿಯೊಂದು ಒದ್ದಾಡುತ್ತಿತ್ತು. ಇಯರ್‌ಫೋನು ಜೇಬಿನ ಹೊರಗೆ ನೇತಾಡುತ್ತಾ, "ಜೋವಿ! ಜೋವಿ! ಬದುಕಿದೀಯಾ?" ಎನ್ನುತ್ತಿತ್ತು. ಅವಳು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

"ಇದೀನಿ. ಈಗ ಬೆಲೆ ಮಾತು."

"ಹಾಂ! ನಾನಿಲ್ಲೇ ಇದೀನಿ. ಬಿಡಬೇಡ!"

ತೌನೊ ಗಂಟಲು ಸರಿಮಾಡಿಕೊಂಡ. "ಸೈಲೆನ್ಸರಿನ ಹಿಡಿ ನನ್ನ ಪಟ್ಟಿಯಲ್ಲಿ ಇರಲಿಲ್ಲ. ನಲವತ್ತು ಕಳೀಬೇಕು. ಎರಡು ಸಾವಿರದ ಮುನ್ನೂರ ಅರವತ್ತು."

"ಇಲ್ಲ. ಎರಡು ಸಾವಿರದ ನಾನೂರು," ಎಂದಳು ಜೊವಿಲಿನ್. "ಪೂರ್ತಿ ಕೊಡ್ತೀನಿ."

"ಮುನ್ನೂರ ಅರವತ್ತು. ದೋಷ ಮುಚ್ಚಿಟ್ಟು ಮಾರಿದ ಹಾಗಾಗುತ್ತೆ."

"ನಾನು ನಿಮ್ಮ ಕಣ್ಣಿಗೆ ಸುಳ್ಳು ಹೇಳಿದೀನಿ. ಒಂದು ಯೂರೋನೂ ಕಮ್ಮಿ ಕೊಡಲ್ಲ. ಪಿರ್ಯೊಳ ನಲವತ್ತೂ ನಂದೇ."

"ಪಿರ್ಯೊಳ ನಲವತ್ತು ಯಾಕೆ ನಿಂದು? ಕರೆದಿದ್ದು ನಾನು."

"ಕರೆಸಿದ್ದು ನನ್ನ ಬಾಯಿ!"

ದನಿ ಏರಿತು. ತೌನೊನೂ ಏರಿಸಿದ, ಆ ಅಂಗಳದಲ್ಲಿ ಅಷ್ಟು ದೊಡ್ಡ ದನಿ ಎದ್ದು ಬಹಳ ಕಾಲವಾಗಿದ್ದಿರಬೇಕು. ಇಲೊಯಿಲೊದಲ್ಲಿ ರೊಮೆಲ್‌ಗೆ ಒಂದು ಮಾತೂ ಅರ್ಥವಾಗದಿದ್ದರೂ ರಾಗ ಮಾತ್ರ ಚೆನ್ನಾಗಿ ಗೊತ್ತಿತ್ತು. "ಹಾಗೇ! ಹಾಗೇ ಹಿಡಿ! ಮುದುಕ ಬಿಸಿ ಆದ, ಇನ್ನೇನು ಬೀಳ್ತಾನೆ!" ಎಂದು ಅವನು ಹುರಿದುಂಬಿಸುತ್ತಿದ್ದ. ಹಿಂದಿನಿಂದ ಚೆಸ್ಕಾಳ ದನಿಯೂ ಕೇಳಿಸಿತು, "ಅಮ್ಮ ಗೆಲ್ತಿದಾಳಾ ಅಪ್ಪಾ?"

ಪಿರ್ಯೊ ಸುತ್ತಿಗೆಯಿಂದ ಬಾನೆಟ್ಟನ್ನು ಮೆಲ್ಲಗೆ ತಟ್ಟಿದಳು. "ನಲವತ್ತು ವರ್ಷದಿಂದ ಗಾಡಿ ವ್ಯಾಪಾರ ನೋಡಿದೀನಿ. ಕೊಳ್ಳೋರು ಏರಿಸಿ ಮಾರೋರು ಇಳಿಸಿದ್ದು ಇದೇ ಮೊದಲು. ನನ್ನ ಕೂಲಿ ಯಾರೂ ಕೊಡಬೇಡಿ. ಆ ಫ್ಲಾಸ್ಕಲ್ಲಿ ಕಾಫಿ ಇದ್ರೆ ಕೊಡಿ. ಬೆಲೆ ಮೊದಲು ಬರೆದಿದ್ದೇ ಇರಲಿ. ಮುಗೀತು."

ತೌನೊ ಇದನ್ನು ತೂಗಿ ನೋಡಿದ. ಹಿಡಿ ಸರಿಯಾದ ಮೇಲೆ ದೋಷ ಮತ್ತೆ ಹನ್ನೊಂದೇ. ಹನ್ನೊಂದಕ್ಕೆ ಬರೆದ ಬೆಲೆ ಎರಡು ಸಾವಿರದ ನಾನೂರು. ಲೆಕ್ಕ ಸರಿಯಾಗಿತ್ತು. ತಲೆಯಾಡಿಸಿದ.

ಪಿರ್ಯೊ ಹಿಡಿ ಬಿಗಿದು ಕಾಫಿ ಕುಡಿದು ಹೋದಳು. ಅಡುಗೆಮನೆಯ ಮೇಜಿನ ಮೇಲೆ ಒಪ್ಪಂದದ ಎರಡು ಪ್ರತಿ ಜೊವಿಲಿನಳೇ ಬರೆದಳು. ಬರೆದುದನ್ನೆಲ್ಲಾ ಗಟ್ಟಿಯಾಗಿ ಓದಿ ಹೇಳಿದಳು, ಚುಕ್ಕೆ ಅಲ್ಪವಿರಾಮ ಬಿಡದೆ. ಹನ್ನೊಂದು ದೋಷಗಳನ್ನೂ ಬರೆಯಬೇಕೆಂದು ತೌನೊ ಹಟ ಹಿಡಿದ, ಬರೆದಳು. ಅವನ ಬೆರಳನ್ನು ಸಹಿ ಹಾಕುವ ಜಾಗಕ್ಕೆ ತಂದಿಟ್ಟಳು. ಹಣ ಫೋನಿನಲ್ಲೇ ಹೋಯಿತು, ವಿಮೆಯೂ ಫೋನಿನಲ್ಲೇ ಬಂತು. ಐದು ಹತ್ತರ ಬಸ್ಸು ಖಾಲಿ ಕಂಬದ ಮುಂದೆ ನಿಲ್ಲದೆ ಹೋಯಿತು. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ ಅವಳಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು.

ಹೊರಡುವಾಗ ತೌನೊ ಕಾರಿನ ಪಕ್ಕ ನಿಂತಿದ್ದ.

"ಕೂತ್ಕೊಳ್ಳಿ," ಎಂದಳು. "ಕೆರೆ ತನಕ ಹೋಗಿ ಬರೋಣ. ನಿಮ್ಮ ಕಿವಿ ಒಂದು ಸಲ ಒಪ್ಪಲಿ."

ಕೂತ. ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದ. "ಮೂರನೇ ಗೇರಿಗೆ ಬೇಗ ಹಾಕ್ತೀಯ."

ಕಿವಿಯಲ್ಲಿ ರೊಮೆಲ್ ಅದೇ ಕ್ಷಣ ಅದನ್ನೇ ಹೇಳಿದ.

ಶನಿವಾರ ಸಂಜೆ ಔಲುವಿನ ವಿಮಾನ ನಿಲ್ದಾಣದ ಬಾಗಿಲು ಸರಿದಾಗ, ಅಳತೆಗಿಂತ ಎರಡು ಪಟ್ಟು ದೊಡ್ಡ ಚಳಿ ಜಾಕೆಟ್ಟು ತೊಟ್ಟ ಚೆಸ್ಕಾ ಓಡಿಬಂದಳು. ಓಡಿಬಂದವಳು ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಳು. ಪರದೆಯೊಳಗಿನ ಅಮ್ಮ ಇಷ್ಟು ಗಿಡ್ಡಗಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಜೊವಿಲಿನಳೂ ನಿಂತಳು.  ಕೈಯಲ್ಲಿದ್ದ ಕೀಲಿಯನ್ನು ಮೇಲೆತ್ತಿ ಗಿಲಗಿಲ ಅಲ್ಲಾಡಿಸಿದಳು.

"ಹಸಿರುದಾ?" ಎಂದಳು ಚೆಸ್ಕಾ.

"ಹಸಿರೇ."

ಅಷ್ಟು ಸಾಕಾಯಿತು. ಮಗು ಬಂದು ಸೊಂಟಕ್ಕೆ ಬಿತ್ತು.

ರೊಮೆಲ್ ಹೆಂಡತಿಯನ್ನು ಅಪ್ಪಿ, ಕಣ್ಣೊರೆಸಿಕೊಂಡು, ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದ. ಟೈರಿಗೆ ಒದ್ದ. ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದ. ಕಣ್ಣು ಹೊಳೆಯುತ್ತಿದ್ದವು, ಬಾಯಿ ಮಾತ್ರ ಹಳೆಯ ಅಭ್ಯಾಸದ್ದು. "ಈ ಡಬ್ಬಾಗೆ ಪೂರ್ತಿ ಎರಡು ಸಾವಿರದ ನಾನೂ..."

ಜೊವಿಲಿನ್ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಬಾಯಿ ಮುಚ್ಕೋ ಮಾರಾಯ. ಈ ಊರಲ್ಲಿ ಏನು ಹೇಳಿದ್ರೂ ನಂಬಿಬಿಡ್ತಾರೆ."

ಹಿಂದಿನ ಬಲಬಾಗಿಲನ್ನು ಚೆಸ್ಕಾ ಎಳೆದಳು. ಬರಲಿಲ್ಲ. ಇನ್ನೊಂದು ಸಲ ಎಳೆದಳು, ಬಂತು. ಒಳಗೆ ಹತ್ತಿ, ಸೀಟಿಗೆ ಮೂಗು ಒತ್ತಿ ಉಸಿರೆಳೆದುಕೊಂಡಳು. ಆಮೇಲೆ ಸೀಟಿನ ಕೆಳಗೆ ಬಗ್ಗಿ ನೋಡಿ, ತಲೆ ಹೊರಗೆ ಹಾಕಿದಳು.

"ಅಮ್ಮಾ, ವಾಸನೆ ಇದೆ. ನಾಯಿ ಎಲ್ಲಿ?"